ಲಾಲ್‌ಬಾಗ್ ಪ್ರವಾಸ: ಭಾನುವಾರದೊಳಗೆ ಹೆಸರು ಕೊಡಿ

ಬಳ್ಳಾರಿ ತಾರಸಿ ತೋಟದ ಗೆಳೆಯರೆಲ್ಲರಿಗೂ ನಮಸ್ಕಾರ.

ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನಕ್ಕೆ ಹೋಗೋಣ ಎಂದು ಮಾತಾಡಿದ್ದೆವಲ್ಲ, ಅದು ಗಟ್ಟಿಯಾಗಿದೆ. ಪ್ರದರ್ಶನ ಶುರುವಾದ ಮೊದಲ ಗುರುವಾರ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತೋಣ. ಶುಕ್ರವಾರ ಪೂರ್ತಿ ಲಾಲ್‌ಬಾಗ್, ರಾತ್ರಿ ವಾಪಸ್. ಶನಿವಾರ, ಭಾನುವಾರ ಜನ ಜಾಸ್ತಿ, ಗಾಜಿನ ಮನೆಯೊಳಗೆ ನಿಂತು ನೋಡೋಕೂ ಆಗಲ್ಲ.

ಬರುವವರು ಹೆಸರು, ವಯಸ್ಸನ್ನು ಆಧಾರ್‌ನಲ್ಲಿರುವಂತೆ ಭಾನುವಾರ ಸಂಜೆಯೊಳಗೆ ಇಲ್ಲೇ ಹಾಕಿ. ಟಿಕೆಟ್ ಒಟ್ಟಿಗೇ ಮಾಡಿಸುತ್ತೇವೆ. ಕೆಳಗಿನ ಬರ್ತ್ ಬೇಕಾದ ಹಿರಿಯರು ಈಗಲೇ ಹೇಳಿಬಿಡಿ. ಬೆಂಗಳೂರಲ್ಲಿ ಮೆಜೆಸ್ಟಿಕ್‌ನಿಂದ ಹಸಿರು ಮಾರ್ಗದ ಮೆಟ್ರೋ, ಲಾಲ್‌ಬಾಗ್ ಸ್ಟೇಷನ್‌ನಲ್ಲೇ ಇಳಿಯುತ್ತೇವೆ.

ಹೂವು ನೋಡಿ ಫೋಟೋ ತೆಗೆದು ಬಂದರೆ ಸಾಲದು ಅಂತ ನನ್ನ ಆಸೆ. ಇದು 1760ರಲ್ಲಿ ಹೈದರಾಲಿ ಶುರು ಮಾಡಿಸಿದ ತೋಟ. ಟಿಪ್ಪು ಹೊರದೇಶಗಳಿಂದ ಗಿಡ ತರಿಸಿ ಬೆಳೆಸಿದ. ಗಾಜಿನ ಮನೆಗೆ ಅಡಿಗಲ್ಲು ಬಿದ್ದಿದ್ದು 1889ರಲ್ಲಿ, ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಮಾದರಿಯಲ್ಲಿ. ಕಬ್ಬಿಣದ ಕಂಬ, ಕಮಾನುಗಳನ್ನು ತಲೆಯೆತ್ತಿ ನೋಡಿ. ಕೆಂಪೇಗೌಡರ ಗೋಪುರ ಇರುವ ಬಂಡೆಗೆ ಸುಮಾರು 300 ಕೋಟಿ ವರ್ಷ! ಬಂಡೆ ಅಂದ್ರೆ ನಮ್ಮೂರಿನವರಿಗೆ ಹೇಳಿಕೊಡಬೇಕಿಲ್ಲ, ಆದರೂ ಅದನ್ನು ತಪ್ಪಿಸಬೇಡಿ.

ರೊಟ್ಟಿ, ಶೇಂಗಾ ಚಟ್ನಿ ಬುತ್ತಿ ಕಟ್ಟಿಕೊಳ್ಳಿ. ಸ್ಟೀಲ್ ಬಾಟಲಿ ಇರಲಿ, ಪ್ಲಾಸ್ಟಿಕ್ ಚೀಲ ಬೇಡವೇ ಬೇಡ. ಅಲ್ಲಿ ಹೂವು, ಎಲೆ ಮುಟ್ಟದಂತೆ ಮಕ್ಕಳಿಗೆ ಮೊದಲೇ ಹೇಳಿರಿ. ಸಸಿ ಕೊಳ್ಳುವವರು ನಮ್ಮ ಬಿಸಿಲಿಗೆ ತಾಳುವುದನ್ನಷ್ಟೇ ಆರಿಸಿ. ಬರಲಾಗದವರೂ ಒಂದು ಸಾಲು ಬರೆದು ತಿಳಿಸಿ.