ಪಿಎಚ್‌ಡಿ ಮುಗಿಯಿತು, ಮೊದಲ ಥ್ಯಾಂಕ್ಸ್ ಅಪ್ಪನಿಗೆ

ಮೊನ್ನೆ ಸೋಮವಾರ ನನ್ನ ಪಿಎಚ್‌ಡಿ ಮೌಖಿಕ ಪರೀಕ್ಷೆ ಮುಗಿಯಿತು. ಆರು ವರ್ಷ ಹಿಡಿಯಿತು. ಆಮೇಲೆ ಊರಿಗೆ ಬಂದು ಬೆಳಿಗ್ಗೆ ಕಾಸರಗೋಡಿನ ಪೆರ್ಲದಲ್ಲಿ ಬಸ್ಸಿಳಿದಾಗ ಅಪ್ಪ ಜೀಪಿನ ಹತ್ತಿರ ಕಾಯುತ್ತಿದ್ದರು. ಏನೂ ಹೇಳಲಿಲ್ಲ, ನನ್ನ ಬ್ಯಾಗ್ ತೆಗೆದುಕೊಂಡರು.

ವಿಷಯ ಏನು ಅಂತ ತುಂಬಾ ಜನ ಕೇಳಿದ್ದೀರಿ. ನೀರು, ಗಾಳಿ ಹರಿಯುವುದನ್ನು ಕ್ವಾಂಟಮ್ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು. ಹರಿವಿನ ಸಮೀಕರಣ 19ನೇ ಶತಮಾನದ್ದು, ನೇವಿಯರ್ ಮತ್ತು ಸ್ಟೋಕ್ಸ್ ಹೆಸರಿನಲ್ಲಿದೆ. ಸುಳಿ ಜಾಸ್ತಿಯಾದ ಹಾಗೆ ಲೆಕ್ಕ ಬೆಳೆಯುತ್ತದೆ, ಸೂಪರ್‌ಕಂಪ್ಯೂಟರೂ ಸೋಲುತ್ತದೆ. ಕ್ವಾಂಟಮ್ ಕಂಪ್ಯೂಟರಿನ ಮೂಲ ಘಟಕ ಕ್ಯೂಬಿಟ್. ಬರೀ 30 ಕ್ಯೂಬಿಟ್‌ಗಳ ಸ್ಥಿತಿ ಬರೆಯಲು 100 ಕೋಟಿಗೂ ಹೆಚ್ಚು ಸಂಖ್ಯೆ ಬೇಕು, ಅಂದರೆ ಹರಿವಿನ ಅಷ್ಟು ಸಂಖ್ಯೆಗಳನ್ನು ಅದರಲ್ಲಿ ತುಂಬಿಡಬಹುದು. ಅಷ್ಟು ಜಾಗ ಸಿಕ್ಕಿತಲ್ಲ ಅಂತ ಖುಷಿಪಟ್ಟರೆ ತೊಡಕು ಶುರು. ಕ್ವಾಂಟಮ್ ನಿಯಮ ರೇಖೀಯ, ಅಂದರೆ ಎರಡನ್ನು ಕೂಡಿಸಿ ಕೊಟ್ಟರೆ ಉತ್ತರಗಳೂ ಹಾಗೇ ಕೂಡುತ್ತವೆ. ಹರಿವು ಹಾಗಲ್ಲ, ತನ್ನನ್ನು ತಾನೇ ಎಳೆದುಕೊಂಡು ಹೋಗುತ್ತದೆ. ಕಾರ್ಲ್‌ಮನ್ ಎಂಬ ಗಣಿತಜ್ಞರ 1932ರ ಉಪಾಯದಿಂದ (ರೇಖೀಯವಲ್ಲದ್ದನ್ನು ದೊಡ್ಡ ರೇಖೀಯ ಲೆಕ್ಕವಾಗಿ ಬರೆಯುವುದು) ಇದನ್ನು ಸ್ವಲ್ಪ ದೂರ ದಾಟಬಹುದು. ಅದನ್ನು ರಾತ್ರಿ ಕೂತು ಹೇಳಿಕೊಟ್ಟ ಲ್ಯಾಬಿನ ಗೆಳತಿಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು.

ನಾನು ಸಿಕ್ಕಿಬಿದ್ದದ್ದು ಇನ್ನೊಂದು ಕಡೆ. 30 ಕ್ಯೂಬಿಟ್ ಅಳೆದರೆ ಒಂದು ಸಲಕ್ಕೆ ಸಿಗುವುದು 30 ಬಿಟ್ (ಸೊನ್ನೆ ಅಥವಾ ಒಂದು) ಮಾತ್ರ. ಉಳಿದದ್ದು ಹೋಯಿತು. ಪ್ರತಿ ಬಿಂದುವಿನ ವೇಗ ಓದಲು ಹೊರಟರೆ ಉಳಿಸಿದ ಸಮಯವೆಲ್ಲ ಅಲ್ಲೇ ಖರ್ಚು. ಮೂರನೇ ವರ್ಷ ಎಲ್ಲ ಬಿಟ್ಟು ಊರಿಗೆ ಬಂದುಬಿಟ್ಟೆ.

ಮಾರ್ಚ್ ತಿಂಗಳು. ಅಪ್ಪನ ಜೊತೆ ನೀರು ಬರುವ ಸುರಂಗದ ಬಾಯಿಯ ಹತ್ತಿರ ಕೂತಿದ್ದೆ. ಅಜ್ಜನ ಕಾಲದಲ್ಲಿ ಮುರಕಲ್ಲು ಕೊರೆದು ಮಾಡಿದ್ದು. ಒಳಗಿನ ನೀರು ಅಡಿಕೆ ಮರದ ದಂಬೆಯಲ್ಲಿ (ಸೀಳಿದ ಕಾಂಡದ ಕಾಲುವೆ) ಬೆರಳು ದಪ್ಪಕ್ಕೆ ಬಂದು ಟ್ಯಾಂಕಿಗೆ ಬೀಳುತ್ತಿತ್ತು. ದಂಬೆಯ ಗಂಟಿನಲ್ಲಿ ಒಂದು ಪುಟ್ಟ ಸುಳಿ. ನನ್ನ ಕಷ್ಟ ಹೇಳಿಕೊಂಡೆ. ಅಪ್ಪ ಕೇಳಿದರು: "ಒಂದೊಂದು ಹನಿಯ ಲೆಕ್ಕ ಯಾಕೆ? ಟ್ಯಾಂಕಿಗೆ ಎಷ್ಟು ಬರ್ತದೆ ಅಂತ ಗೊತ್ತಾದ್ರೆ ಸಾಕಲ್ವಾ?"

ಸಾಕಿತ್ತು. ಒಟ್ಟು ಹರಿವು, ಒಟ್ಟು ಎಳೆತ, ಇಂಥ ಒಂದೇ ಸಂಖ್ಯೆ ಕೇಳಿದರೆ ಕಡಿಮೆ ಸಲ ಅಳೆದರೂ ನಡೆಯುತ್ತದೆ. ತಿಳಿದವರು ಇದನ್ನು ಮೊದಲೇ ಬರೆದಿದ್ದರು, ನಾನೂ ಓದಿದ್ದೆ. ಆದರೆ ಅರ್ಥವಾದದ್ದು ಅವತ್ತು. ಪ್ರಬಂಧದ ನಾಲ್ಕನೇ ಅಧ್ಯಾಯ ಅಲ್ಲಿಂದ ಹುಟ್ಟಿತು. ಈಗಿನ ಯಂತ್ರಗಳಲ್ಲಿ ತಪ್ಪು ಜಾಸ್ತಿ, ನನ್ನ ವಿಧಾನ ಓಡಿದ್ದು ತೀರಾ ಸಣ್ಣ ಹರಿವಿಗೆ. ಆದರೂ ಓಡಿತು!

ಅಮ್ಮ, ಆ ಮೂರು ತಿಂಗಳು ಒಂದು ಸಲವೂ "ಯಾವಾಗ ಹೋಗ್ತೀಯಾ" ಅಂತ ಕೇಳದೆ ಇದ್ದದ್ದಕ್ಕೆ ಥ್ಯಾಂಕ್ಸ್.

ಕನ್ನಡ ಶಾಲೆಯಲ್ಲಿ ಲೆಕ್ಕ ಕಲಿಸಿದ ಟೀಚರ್, ನಾಳೆ ಪ್ರಬಂಧದ ಪ್ರತಿ ಹಿಡಿದುಕೊಂಡು ನಿಮ್ಮ ಮನೆಗೆ ಬರುತ್ತೇನೆ. ಅದು ಇಂಗ್ಲಿಷಿನಲ್ಲಿದೆ. ಮುಂದೆ ನಾಲ್ಕು ಪುಟ ಕನ್ನಡದಲ್ಲಿ ಬರೆದು ಸೇರಿಸಿದ್ದೇನೆ. ಕೆಂಪು ಪೆನ್ನು ತೆಗೆದಿಡಿ.