ಅಲೆಘೆನಿ ನ್ಯಾಯಾಲಯದ ಬಾಗಿಲಲ್ಲೊಂದು ಫಲಕ ಬೇಕು: ಕೌಂಟಿ ಎಕ್ಸಿಕ್ಯುಟಿವ್ ಅವರಿಗೆ ಬಹಿರಂಗ ಪತ್ರ

ಮಾನ್ಯರೇ,

ನಾನು ಅಮೆರಿಕದ ಅಲೆಘೆನಿ ಕೌಂಟಿಯ, ಅಂದರೆ ಜಿಲ್ಲೆಯ, ಪಿಟ್ಸ್‌ಬರ್ಗ್‌ ನಗರದಲ್ಲಿ ನೆಲೆಸಿ ಈ ದೇಶದ ಪೌರತ್ವ ಪಡೆದಿರುವ ಕನ್ನಡಿಗ. ಇದರ ಇಂಗ್ಲಿಷ್ ಪ್ರತಿಯನ್ನು ತಮ್ಮ ಕಚೇರಿಗೆ ಪ್ರತ್ಯೇಕವಾಗಿ ಕಳುಹಿಸಿದ್ದೇನೆ; ಇಲ್ಲಿನ ಕನ್ನಡಿಗರೂ ಓದಲೆಂದು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಜ್ಯೂರಿ ಕರ್ತವ್ಯಕ್ಕೆಂದು ಗ್ರಾಂಟ್ ಸ್ಟ್ರೀಟ್‌ನ ನ್ಯಾಯಾಲಯಕ್ಕೆ ಹೋದ ದಿನ, ಇಷ್ಟು ಭವ್ಯವಾದ ಕಟ್ಟಡಕ್ಕೆ ಇಷ್ಟು ತಗ್ಗಿನ ಬಾಗಿಲೇಕೆ ಎಂದು ಅಚ್ಚರಿಪಟ್ಟೆ. 1913ರ ಸುಮಾರಿಗೆ ಗುಡ್ಡವನ್ನು ಕಡಿದು ರಸ್ತೆಯನ್ನು ತಗ್ಗಿಸಿದಾಗ ಮೂಲ ಮುಖ್ಯದ್ವಾರ ಮೇಲೆಯೇ ಉಳಿದು, ನೆಲಮಾಳಿಗೆ ಬೀದಿಯ ಮಟ್ಟಕ್ಕೆ ಬಂದು ನಿಂತಿತೆಂಬುದು ಆಮೇಲೆ ಓದಿ ತಿಳಿದ ಸಂಗತಿ. ನಾನು ನಡೆದ ದಾರಿಯಲ್ಲಿ ಇದನ್ನು ಹೇಳುವ ಫಲಕ ಕಾಣಲಿಲ್ಲ.

ಕೌಂಟಿಯ ಮೊದಲ ನ್ಯಾಯಾಲಯ ಇಂದಿನ ಮಾರ್ಕೆಟ್ ಸ್ಕ್ವೇರ್‌ನಲ್ಲಿತ್ತು. 1840ರ ದಶಕದ ಆರಂಭದಲ್ಲಿ ಗ್ರಾಂಟ್ ಗುಡ್ಡದ ಮೇಲೆ ಎದ್ದ ಎರಡನೆಯದರ ಮರಳುಗಲ್ಲು ಊರಿನ ಕಲ್ಲಿದ್ದಲ ಹೊಗೆಗೆ ಸವೆಯುತ್ತಿದ್ದಾಗಲೇ, 1882ರ ಮೇ ತಿಂಗಳಲ್ಲಿ ಕಟ್ಟಡ ಬೆಂಕಿಗೆ ಆಹುತಿಯಾಯಿತು. ಆಗಿನ ಕೌಂಟಿ ಆಡಳಿತ ಸುಟ್ಟದ್ದನ್ನೇ ಮತ್ತೆ ಕಟ್ಟಲು ಅವಸರಪಡದೆ, ಐವರು ವಾಸ್ತುಶಿಲ್ಪಿಗಳಿಂದ ವಿನ್ಯಾಸಗಳನ್ನು ಆಹ್ವಾನಿಸಿ ಹೆನ್ರಿ ಹಾಬ್ಸನ್ ರಿಚರ್ಡ್‌ಸನ್ ಅವರದನ್ನು ಆರಿಸಿತು. ಅವರು ಹೊಗೆಯ ಊರನ್ನು ಅರಿತೇ ರೂಪಿಸಿದರು: ಹೊರಗೋಡೆಗೆ ಗಟ್ಟಿ ಗ್ರಾನೈಟ್, ಬೆಳಕಿಗಾಗಿ ನಮ್ಮ ತೊಟ್ಟಿಮನೆಯಂತೆ ನಡುವೊಂದು ಅಂಗಳ, ಹೊಗೆಗಿಂತ ಮೇಲಿನ ಗಾಳಿಯನ್ನು ಸೆಳೆದು ಒಳಕೋಣೆಗಳಿಗೆ ಒದಗಿಸಲು ಎತ್ತರದ ಗೋಪುರ. ಕನ್ನಡದಲ್ಲಿ ಗಾಳಿಗೋಪುರವೆಂದರೆ ಕೈಗೂಡದ ಕನಸು. ಇಲ್ಲಿ ಅದನ್ನು ಕಲ್ಲಿನಲ್ಲೇ ಕಟ್ಟಿ ನಿಲ್ಲಿಸಿದ್ದಾರೆ. 1888ರಲ್ಲಿ ಕಟ್ಟಡ ಮುಗಿಯುವುದನ್ನು ನೋಡಲು ರಿಚರ್ಡ್‌ಸನ್ ಉಳಿಯಲಿಲ್ಲ, 1886ರ ಏಪ್ರಿಲ್‌ನಲ್ಲೇ ತೀರಿಕೊಂಡರು.

ಕಲ್ಲಿನ ಸೇತುವೆಯಿಂದ ಜೋಡಿಸಿದ್ದ ಪಕ್ಕದ ಸೆರೆಮನೆಯಿಂದ 1995ರಲ್ಲಿ ಕೈದಿಗಳನ್ನು ಹೊಸ ಜೈಲಿಗೆ ಸಾಗಿಸಿದ ಮೇಲೂ ಕೌಂಟಿ ಅದನ್ನು ಕೆಡವದೆ ಕುಟುಂಬ ನ್ಯಾಯಾಲಯವಾಗಿ ಬಳಸಿಕೊಂಡದ್ದು ಒಳ್ಳೆಯ ನಿರ್ಧಾರವೆಂದೇ ನನ್ನ ಅಭಿಪ್ರಾಯ. ಹೊಸದಕ್ಕೆ ಹಳೆಯದು ಅಡ್ಡಿಯೆಂಬ ವಾದ ಎಲ್ಲೆಡೆಯೂ ಸುಲಭವಾಗಿ ಗೆಲ್ಲುತ್ತದೆ; ಇಲ್ಲಿ ಗೆಲ್ಲಲಿಲ್ಲ.

ನನ್ನ ಕೋರಿಕೆ ಚಿಕ್ಕದು. ಮೂರು ನ್ಯಾಯಾಲಯಗಳ ಕಥೆಯನ್ನೂ ರಸ್ತೆಯ ಹಳೆಯ ಮಟ್ಟವನ್ನೂ ಗೋಪುರ ಉಸಿರಾಡುತ್ತಿದ್ದ ಬಗೆಯನ್ನೂ ಚಿತ್ರಸಹಿತ ವಿವರಿಸುವ ಒಂದು ಫಲಕವನ್ನು ಪ್ರವೇಶದ್ವಾರದ ಒಳಗೆ ಇರಿಸಲು ತಾವು ಆದೇಶಿಸಬೇಕು. ಅದಕ್ಕಾಗಿ ಗ್ರಾನೈಟ್ ಗೋಡೆಗೆ ಮೊಳೆ ಹೊಡೆಯುವುದು ಬೇಡ. ತಪಾಸಣೆಗೆ ಜನ ಸಾಲುಗಟ್ಟಿ ಕಾಯುವಲ್ಲಿ ಒಂದು ಸ್ಟ್ಯಾಂಡಿನ ಮೇಲೆ ನಿಲ್ಲಿಸಿದರೆ ಸಾಕು, ಅಲ್ಲಿ ಓದಲು ಎಲ್ಲರಿಗೂ ಸಮಯವಿರುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಅಲೆಘೆನಿ ಕೌಂಟಿಯ ಒಬ್ಬ ನಿವಾಸಿ