ಎರಡು ಡಿಸ್ಕ್ ಇದೆ ಎಂದು ನಂಬಿ ಕೂರಬೇಡಿ

ಮಾನ್ಯ ಸಂಪಾದಕರೇ,

ನಮ್ಮ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಅಜ್ಜ ಅಜ್ಜಿಯರ ಹಾಡು, ತಾಳಮದ್ದಳೆ ಎಲ್ಲ ರೆಕಾರ್ಡ್ ಮಾಡಿ ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಂಡವರು ಬಹಳ ಮಂದಿ ಇದ್ದಾರೆ. ಅವರು ಓದಲಿ ಎಂದೇ ಈ ಪತ್ರ.

ಕಳೆದ ತಿಂಗಳು ಕೆಲಸದ ಮೇಲೆ ಮಾವೇಲಿ ಎಕ್ಸ್‌ಪ್ರೆಸ್ ಹತ್ತಿ ತಿರುವನಂತಪುರಕ್ಕೆ ಹೋಗಿದ್ದೆ. ಬೆಳಿಗ್ಗೆ ಲಾಡ್ಜಿನಲ್ಲಿ ಲ್ಯಾಪ್‌ಟಾಪ್ ಆನ್ ಮಾಡಿದರೆ ಕಪ್ಪು ಪರದೆ, ಅದರಲ್ಲಿ ಕೆಂಪಕ್ಷರದಲ್ಲಿ ‘ಫೇಲ್ಡ್’. ಒಳಗಿರುವ ಎರಡು ಎಸ್‌ಎಸ್‌ಡಿಗಳಲ್ಲಿ (ಫೈಲುಗಳನ್ನು ಇಡುವ ಡಿಸ್ಕ್‌ಗಳಲ್ಲಿ) ಒಂದೇ ಕಾಣುತ್ತಿತ್ತು. ತೀರಿಹೋದ ನಮ್ಮ ಅಜ್ಜಿಯ ಹನ್ನೊಂದು ಗಂಟೆಯಷ್ಟು ಉದ್ದದ ಶೋಭಾನೆ ಹಾಡು ಆ ಲ್ಯಾಪ್‌ಟಾಪಿನಲ್ಲೇ ಇತ್ತು, ಬೇರೆಲ್ಲೂ ಇರಲಿಲ್ಲ. ಕೈಕಾಲು ತಣ್ಣಗಾಯಿತು.

ಎರಡು ಡಿಸ್ಕ್ ಇದೆಯಲ್ಲ, ಒಂದು ಹೋದರೂ ಇನ್ನೊಂದು ಇರುತ್ತದೆ ಎಂದು ನಾನು ಸುಮ್ನೆ ನಂಬಿದ್ದೆ. ಆದರೆ ಅವನ್ನು ಕೊಡುವಾಗಲೇ ‘ರೇಡ್ 0’ (ಹಲವು ಡಿಸ್ಕ್ ಸೇರಿಸಿ ಒಂದೇ ಡಿಸ್ಕಿನಂತೆ ಬಳಸುವ ‘ರೇಡ್’ ವಿಧಾನದ ಒಂದು ಬಗೆ) ಜೋಡಣೆಯಲ್ಲಿ ಕಟ್ಟಿಕೊಟ್ಟಿದ್ದರು. ಇದರಲ್ಲಿ ಒಂದೇ ಫೈಲನ್ನು ಚೂರು ಮಾಡಿ, ಒಂದು ಚೂರು ಈ ಡಿಸ್ಕಿಗೆ, ಮುಂದಿನದು ಆ ಡಿಸ್ಕಿಗೆ ಎಂದು ಬರೆಯುತ್ತಾ ಹೋಗುತ್ತದೆ. ವೇಗ ಜಾಸ್ತಿ, ನಿಜ. ಒಂದು ಕೈಕೊಟ್ಟರೆ ಇನ್ನೊಂದರಲ್ಲಿ ಉಳಿಯುವುದು ಬರೀ ಚೂರು, ಹಾಡು ಅಲ್ಲ. 1988ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ರೇಡ್ ಬಗ್ಗೆ ಬರೆದಾಗ ಒಂದು ಡಿಸ್ಕ್ ಕೆಟ್ಟರೂ ಮಾಹಿತಿ ಉಳಿಯುವ ದಾರಿಗಳನ್ನೇ ಹೇಳಿದ್ದರು. ‘0’ಯಲ್ಲಿ ಆ ರಕ್ಷಣೆಯೇ ಇಲ್ಲ! ಎರಡರಲ್ಲೂ ಒಂದೇ ರೀತಿಯ ಪೂರ್ತಿ ನಕಲು ಇರುವುದು ‘ರೇಡ್ 1’ರಲ್ಲಿ, ಅದಿದ್ದರೂ ಲ್ಯಾಪ್‌ಟಾಪೇ ರೈಲಿನಲ್ಲಿ ಕಳವಾದರೆ ಎಲ್ಲವೂ ಹೋಯಿತಲ್ವಾ.

ಮೊದಲು ಹೋದ ಅಂಗಡಿಯವರು ರೇಡ್ ಅಳಿಸಿ ವಿಂಡೋಸ್ ಹೊಸದಾಗಿ ಹಾಕುತ್ತೇವೆ, ಸ್ವಲ್ಪ ಹೊತ್ತು ಸಾಕು ಎಂದರು. ಹಾಡೂ ಅಳಿಸಿಹೋಗುತ್ತದೆ ಎಂದು ನಾನು ಒಪ್ಪಲಿಲ್ಲ. ಎರಡನೇ ಅಂಗಡಿಯ ಹುಡುಗ ಯಾವ ಬಟನ್ನೂ ಒತ್ತದೆ ನೇರ ಹಿಂಬದಿ ಕಳಚಿದ. ನನ್ನ ಲ್ಯಾಪ್‌ಟಾಪಿನ ಎಸ್‌ಎಸ್‌ಡಿ ಬೆರಳುದ್ದದ ತೆಳು ಪಟ್ಟಿ, ಅದನ್ನು ಹಿಡಿದಿಡಲು ತುದಿಯಲ್ಲಿ ಒಂದೇ ಒಂದು ಪುಟ್ಟ ಸ್ಕ್ರೂ. ಆ ಸ್ಕ್ರೂ ಬಿಚ್ಚಿಹೋಗಿ ಫ್ಯಾನಿನ ಹತ್ತಿರ ಬಿದ್ದಿತ್ತು, ಪಟ್ಟಿಯ ತುದಿ ಮೇಲಕ್ಕೆ ಎದ್ದಿತ್ತು. ಅದನ್ನು ಒತ್ತಿ ಕೂರಿಸಿ ಬಿಗಿದ. ಆನ್ ಮಾಡಿದರೆ ‘ನಾರ್ಮಲ್’. ನಾನು ಊಟಕ್ಕೂ ಏಳದೆ ಹೊಸ ಹಾರ್ಡ್ ಡಿಸ್ಕ್ ತರಿಸಿ ಅಲ್ಲೇ ಕೂತು ಎಲ್ಲವನ್ನೂ ನಕಲು ಮಾಡಿಕೊಂಡೆ.

ಎಲ್ಲರಿಗೂ ಇಷ್ಟು ಸುಲಭದಲ್ಲಿ ಮುಗಿಯುವುದಿಲ್ಲ. ಹಾಗಾಗಿ ಪರದೆ ‘ಇನಿಶಿಯಲೈಸ್’, ‘ಫಾರ್ಮ್ಯಾಟ್’ (ಡಿಸ್ಕನ್ನು ಹೊಸದಾಗಿ ಸಿದ್ಧ ಮಾಡುವುದು) ಎಂದು ಕೇಳಿದರೆ ದಯವಿಟ್ಟು ಬೇಡ ಎನ್ನಿ, ಎಸ್‌ಎಸ್‌ಡಿಯಲ್ಲಿ ಅಳಿಸಿದ್ದು ಮರಳಿ ಸಿಗುವುದು ಬಹಳ ಕಷ್ಟ. ಡಿಸ್ಕ್ ಹೊರಗೆ ತೆಗೆಯುವುದಾದರೆ ಯಾವುದು ಯಾವ ಜಾಗದಲ್ಲಿತ್ತು ಎಂದು ಮೊದಲೇ ಗುರುತು ಹಾಕಿಸಿ. ಊರು ಬಿಡುವ ಮೊದಲೇ ಒಂದು ನಕಲು ಮನೆಯಲ್ಲಿ ಇಡಿ.

ನಿಮ್ಮ ಭಾನುವಾರದ ಪುರವಣಿಯಲ್ಲಿ ಇಂಥದ್ದಕ್ಕೆ ಅರ್ಧ ಪುಟ ಕೊಡುತ್ತೀರಾ? ಎಚ್ಚರಿಕೆ ಸಂದೇಶಗಳು ಹೆಚ್ಚಾಗಿ ಇಂಗ್ಲಿಷಿನಲ್ಲೇ ಬರುತ್ತವೆ. ಹಾಡು ಉಳಿಸಿಟ್ಟ ನಮ್ಮ ಊರಿನ ಹಿರಿಯರಿಗೆ ಅದನ್ನು ಕನ್ನಡದಲ್ಲಿ ಹೇಳುವವರು ಬೇಕು.

ಇತಿ,
ನಿಮ್ಮ ಓದುಗ
ಬದಿಯಡ್ಕ, ಕಾಸರಗೋಡು